ವಾಲಿದ ಕಿರುಬೆರಳು: ಒಂದು ಆಪ್ತಸಲಹೆ ಪ್ರಕರಣ

ತುಮಕೂರಿನಲ್ಲಿ ಪದವಿ ಓದುತ್ತಿರುವ, ತಿಪಟೂರು ಕಡೆಯ 19 ವರ್ಷದ ಯುವಕನ ಪ್ರಕರಣವಿದು; ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಅವನ ಎರಡೂ ಕೈಗಳ ಕಿರುಬೆರಳು ಮೋಟಾಗಿದ್ದು, ತುದಿ ಉಂಗುರದ ಬೆರಳಿನತ್ತ ವಾಲಿದೆ. ಇದನ್ನು ವೈದ್ಯರು ಕ್ಲಿನೊಡ್ಯಾಕ್ಟಿಲಿ ಎನ್ನುತ್ತಾರೆ. ಬೆರಳಿನ ನಡುಮೂಳೆ ಗಿಡ್ಡವಾಗಿ ಇಲ್ಲವೇ ಓರೆಯಾಗಿ ಬೆಳೆಯುವುದು ಇದರ ಸಾಮಾನ್ಯ ಕಾರಣ. ನೋವೇನೂ ಇರಲಿಲ್ಲ. ಗಿಟಾರ್ ಕಲಿಸುವವರೊಬ್ಬರು ಎಲ್ಲರೆದುರು "ಈ ಕೈಗೆ ಗಿಟಾರ್ ಒಗ್ಗಲ್ಲ" ಎಂದ ಮೇಲೆ ಅವನು ತರಗತಿ ಬಿಟ್ಟಿದ್ದ, ಎಡಗೈಯನ್ನು ಜೇಬಿನಿಂದ ತೆಗೆಯುತ್ತಿರಲಿಲ್ಲ, ಬೆರಳಿಗೆ ಶಸ್ತ್ರಚಿಕಿತ್ಸೆ ಮಾಡಿಸಲೇಬೇಕೆಂದು ಮನೆಯಲ್ಲಿ ಹಟ ಹಿಡಿದಿದ್ದ.

ಮೊದಲ ಭೇಟಿಯಲ್ಲಿ ನಾನು ಆತುರಪಟ್ಟೆ. 1928ರ ಬೆಂಕಿ ಅವಘಡದಲ್ಲಿ ಎಡಗೈಯ ಎರಡು ಬೆರಳು ಊನವಾದರೂ ಹೆಸರಾಂತ ಜಾಝ್ ಗಿಟಾರ್ ವಾದಕನಾದ ಜಾಂಗೊ ರೈನ್‌ಹಾರ್ಟ್‌ನ ಕಥೆ ಹೇಳಿದೆ. ಹುಡುಗ ಕೇಳಿಸಿಕೊಂಡು, "ಅವರು ದೊಡ್ಡವರು ಮೇಡಂ, ನಾನು ಹಾಸ್ಟೆಲಲ್ಲಿ ನಾಲ್ಕು ಹಾಡು ನುಡಿಸಬೇಕು ಅಂದ್ಕೊಂಡವನು" ಎಂದ. ಅವನ ಮಾತು ಸರಿಯಾಗಿತ್ತು. ಅದರಲ್ಲೂ ಅವನ ಬೆರಳಿಗೆ ಗಾಯವಾಗಿರಲಿಲ್ಲ, ಅದು ಹುಟ್ಟಿದ್ದೇ ಹಾಗೆ.

ಎರಡನೆಯ ಸಲ ಗಿಟಾರ್ ತರಲು ಹೇಳಿದೆ, ತಂದೆಯೂ ಬಂದರು. ಬೆರಳು ಎಲ್ಲಿ ಸೋಲುತ್ತದೆಂದು ಕೇಳಿದಾಗ "ಎಲ್ಲಾ ಕಡೆ" ಎಂದವನು, ನುಡಿಸಿ ತೋರಿಸಿದಾಗ ಎಡವಿದ್ದು ಎರಡೇ ಕಡೆ: ಕಿರುಬೆರಳನ್ನು ಚಾಚಿ ಒತ್ತುವ ಜಿ ಕಾರ್ಡಿನಲ್ಲಿ (ಕಾರ್ಡ್ ಎಂದರೆ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಹಿಡಿತ) ಮತ್ತು ಆರೂ ತಂತಿಗಳನ್ನು ಅಡ್ಡಲಾಗಿ ಒತ್ತುವ ಎಫ್ ಕಾರ್ಡಿನಲ್ಲಿ. ನಮ್ಮ ಮಾತಿನ ನಡುವೆ ತಂದೆ ತಮ್ಮ ಕೈಯನ್ನು ಮೇಜಿನ ಮೇಲೆ ಅಗಲಿಸಿಟ್ಟರು. ಅಟ್ಟದಲ್ಲಿ ಒಣಗಿದ ಕಾಯಿಯ ಮಟ್ಟೆ ಸುಲಿದು, ಕರಟ ಒಡೆದು ಉಂಡೆ ಕೊಬ್ಬರಿ ತೆಗೆದು ಒರಟಾದ ಆ ಕೈಯ ಕಿರುಬೆರಳೂ ಹಾಗೆಯೇ ವಾಲಿತ್ತು. "ನಿಮ್ಮ ತಾತಂದೂ ಹಿಂಗೇ ಇತ್ತು ಕಣೋ," ಎಂದರು. ಈ ಲಕ್ಷಣ ವಂಶದಲ್ಲಿ ಹರಿದು ಬರುವುದು ಸಾಮಾನ್ಯವಾದರೂ ಮಗ ಅದನ್ನು ಗಮನಿಸಿದ್ದು ಅಂದೇ.

ಕೊಟ್ಟ ಸಲಹೆ ಇಷ್ಟು. ಶಸ್ತ್ರಚಿಕಿತ್ಸೆಯ ತೀರ್ಮಾನ ನನ್ನದಲ್ಲ, ಆ ಗುರುವಿನದೂ ಅಲ್ಲ. ಕೈಯ ತಜ್ಞರಿಗೆ ತೋರಿಸಬೇಕು. ದಿನದ ಕೆಲಸಕ್ಕೆ ಅಡ್ಡಿಯಿಲ್ಲದ ಬೆರಳನ್ನು ಚಂದಕ್ಕಾಗಿ ಕೊಯ್ದರೆ ಅದು ಬಿಗಿದುಕೊಳ್ಳುವ ಅಪಾಯವಿರುವುದನ್ನು ಅವರ ಬಾಯಲ್ಲೇ ಕೇಳಲಿ ಎಂದೆ. ನನಗೆ ಗಿಟಾರ್ ಬಾರದ ಕಾರಣ ಉಳಿದದ್ದನ್ನು ಪರಿಚಿತ ವಾದಕರೊಬ್ಬರಿಂದ ತಿಳಿದು ಹೇಳಿದೆ: ಜಿ ಕಾರ್ಡನ್ನು ತೋರು, ನಡು, ಉಂಗುರದ ಬೆರಳುಗಳಿಂದಲೇ ಹಿಡಿಯಬಹುದು, ಎಫ್ ಕಾರ್ಡಿಗೆ ಕೆಳಗಿನ ನಾಲ್ಕು ತಂತಿಗಳು ಸಾಕು, ಹೆಬ್ಬೆರಳನ್ನು ಗಿಟಾರಿನ ಕತ್ತಿನ ಮೇಲೆ ಕೊಕ್ಕೆಯಂತೆ ಸುತ್ತದೆ ಹಿಂಬದಿಯ ನಡುವಿಗಿಟ್ಟರೆ ಬೆರಳುಗಳು ಹೆಚ್ಚು ಚಾಚುತ್ತವೆ. 650 ಮಿಲಿಮೀಟರ್ ತಂತಿಯುದ್ದದ ಗಿಟಾರಿನಲ್ಲಿ ಮೊದಲ ಫ್ರೆಟ್ಟಿನ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಯ) ಮನೆ, ಅಂದರೆ ಬೆರಳಿಡುವ ಜಾಗ, ಸುಮಾರು 36 ಮಿಲಿಮೀಟರ್ ಇರುತ್ತದೆ, ಎರಡನೆಯ ಫ್ರೆಟ್ಟಿಗೆ ಕೇಪೋ (ತಂತಿಗಳನ್ನೆಲ್ಲ ಅದುಮಿ ಹಿಡಿಯುವ ಕ್ಲಿಪ್ಪು) ಹಾಕಿದರೆ ಮೊದಲು ಸಿಗುವ ಮನೆ ಸುಮಾರು 32ಕ್ಕೆ ಇಳಿಯುತ್ತದೆ. ಮೋಟು ಬೆರಳಿಗೆ ಆ ನಾಲ್ಕು ಮಿಲಿಮೀಟರ್ ಸಣ್ಣದಲ್ಲ. ನೋವೋ ಜೋಮೋ ಬಂದರೆ ಹಟ ಮಾಡದೆ ನಿಲ್ಲಿಸಬೇಕು.

ಎಲ್ಲರೆದುರು ಆದ ಅವಮಾನದ ಬಗ್ಗೆ ಮಾತ್ರ ಇನ್ನೂ ಎರಡು ಭೇಟಿ ಬೇಕಾದವು. ಕೊನೆಯ ಬಾರಿ ಬಂದಾಗ ತಜ್ಞರು ಶಸ್ತ್ರಚಿಕಿತ್ಸೆ ಬೇಡವೆಂದಿದ್ದನ್ನು ತಿಳಿಸಿ, ಒಂದು ಹಾಡು ನುಡಿಸಿದ. ಎಫ್ ಬಂದಾಗ ತಂತಿ ಗರಗರ ಎಂದಿತು. ಅವನು ನಿಲ್ಲಿಸದೆ ಮುಂದಿನ ಸಾಲಿಗೆ ಹೋದ.