ತಿಪ್ಪೆಗೊಬ್ಬರ, ಯೂರಿಯಾ ಮತ್ತು ಕಬ್ಬಿನ ಬೇರು

ತಿಪ್ಪೆಗೊಬ್ಬರ ಹಾಕಿದ ಕಬ್ಬು ಸಾವಯವ ಅಣುಗಳನ್ನು ಉಂಡು ಬೆಳೆಯುತ್ತದೆ, ಯೂರಿಯಾ ಹಾಕಿದ ಕಬ್ಬು ನಿರವಯವ ಅಣುಗಳನ್ನು ಉಂಡು ಬೆಳೆಯುತ್ತದೆ ಎಂಬ ಮಾತು ನಿಜವೇ ಎಂದು ತಾವು ಕೇಳಿದ್ದೀರಿ. ನಾನು ಜಮಖಂಡಿ ಭಾಗದಲ್ಲಿ ಪಿಯು ವಿದ್ಯಾರ್ಥಿಗಳಿಗೆ ರಸಾಯನಶಾಸ್ತ್ರ ಕಲಿಸುತ್ತೇನೆ; ಕಬ್ಬು ಬೆಳೆಯುವ ಮನೆಗಳಿಂದ ಬರುವ ಮಕ್ಕಳೂ ಇದನ್ನೇ ಕೇಳುತ್ತಾರೆ. ಎರಡೂ ಹೊಲಗಳಲ್ಲಿ ಬೇರು ಹೀರಿಕೊಳ್ಳುವ ಸಾರಜನಕದ ಬಹುಪಾಲು ನೈಟ್ರೇಟ್ ಮತ್ತು ಅಮೋನಿಯಂ ಎಂಬ ನಿರವಯವ ರೂಪದಲ್ಲಿಯೇ ಇರುತ್ತದೆ.

ಇನ್ನು ಯೂರಿಯಾ ನಿರವಯವವಲ್ಲ. ಇಂಗಾಲವನ್ನು ನಡುವೆ ಇಟ್ಟುಕೊಂಡ ಅದು ರಸಾಯನಶಾಸ್ತ್ರದ ಲೆಕ್ಕದಲ್ಲಿ ಸಾವಯವ ಅಣು. ಎತ್ತಿನ ಮೂತ್ರದಲ್ಲಿರುವ ಯೂರಿಯಾಕ್ಕೂ ಚೀಲದಲ್ಲಿ ಬರುವ ಯೂರಿಯಾಕ್ಕೂ ಅಣುವಿನ ರಚನೆಯಲ್ಲಿ ಯಾವ ಭೇದವೂ ಇಲ್ಲ. 1828ರಲ್ಲಿ ಜರ್ಮನಿಯ ಫ್ರೆಡರಿಕ್ ವೋಲರ್ ಅವರು ಅಮೋನಿಯಂ ಸಯನೇಟಿನಿಂದ ಯೂರಿಯಾ ತಯಾರಿಸಿ ತೋರಿಸಿದ ಮೇಲೆ, ಇಂತಹ ಅಣುಗಳು ಜೀವಿಗಳ ದೇಹದಲ್ಲಿ ಮಾತ್ರ ಹುಟ್ಟುತ್ತವೆ ಎಂಬ ನಂಬಿಕೆ ಸಡಿಲಗೊಳ್ಳತೊಡಗಿತು. ಮಣ್ಣಿಗೆ ಬಿದ್ದ ಯೂರಿಯಾವನ್ನು ಯೂರಿಯೇಸ್ ಎಂಬ ಕಿಣ್ವ ಅಮೋನಿಯಾ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತದೆ. ದನದ ಕೊಟ್ಟಿಗೆಯಲ್ಲಿ ಮೂಗಿಗೆ ಬಡಿಯುವ ಘಾಟು ಇದೇ ಕ್ರಿಯೆಯದು. ನಮ್ಮ ಸುಣ್ಣದ ಅಂಶವುಳ್ಳ ಎರೆ (ಕಪ್ಪು ಮಣ್ಣಿನ) ಭೂಮಿಯಲ್ಲಿ ಯೂರಿಯಾವನ್ನು ಮೇಲೆಯೇ ಚೆಲ್ಲಿ ಬಿಟ್ಟರೆ ಆ ಅಮೋನಿಯಾ ಗಾಳಿಗೆ ಹಾರಿಹೋಗುವುದರಿಂದ, ಹಾಕಿದ ಕೂಡಲೇ ಮಣ್ಣು ಮುಚ್ಚಬೇಕು. ಮಣ್ಣಿನಲ್ಲಿ ಉಳಿದ ಅಮೋನಿಯಾ ಅಲ್ಲಿನ ನೀರಿನೊಡನೆ ಸೇರಿ ಅಮೋನಿಯಂ ಆಗುತ್ತದೆ; ಅದನ್ನು ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟ್, ಬಳಿಕ ನೈಟ್ರೇಟ್ ಆಗಿ ಬದಲಾಯಿಸುತ್ತವೆ.

ತಿಪ್ಪೆಗೊಬ್ಬರದ ದಾರಿ ಇದಕ್ಕಿಂತ ಉದ್ದ. ಅದರಲ್ಲಿರುವ ಪ್ರೋಟೀನಿನಂತಹ ದೊಡ್ಡ ಅಣುಗಳನ್ನು ಬೇರು ಹಾಗೆಯೇ ನುಂಗಲಾರದು. ಅಲ್ಪಸ್ವಲ್ಪ ಅಮೈನೋ ಆಮ್ಲಗಳನ್ನು ಅದು ನೇರವಾಗಿ ಹೀರುವುದುಂಟಾದರೂ, ಉಳಿದದ್ದೆಲ್ಲ ಸೂಕ್ಷ್ಮಜೀವಿಗಳ ಕೈಯಲ್ಲಿ ಒಡೆದು ಅಮೋನಿಯಂ ಆಗಬೇಕು. ಈ ದಾರಿ ಹಿಂದಕ್ಕೂ ಹರಿಯುತ್ತದೆ. ಕಬ್ಬಿನ ರವದಿಯಲ್ಲಿ, ಅಂದರೆ ಒಣಗಿದ ಎಲೆಗಳಲ್ಲಿ, ಇಂಗಾಲ ಬಹಳ, ಸಾರಜನಕ ತೀರಾ ಕಡಿಮೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ತಮ್ಮ ಪ್ರೋಟೀನು ಕಟ್ಟಲು ಮಣ್ಣಿನ ಅಮೋನಿಯಂ, ನೈಟ್ರೇಟುಗಳನ್ನೇ ಎಳೆದುಕೊಳ್ಳುವುದರಿಂದ ಕುಳೆ ಕಬ್ಬು (ಕಟಾವಿನ ಬಳಿಕ ಬುಡದಿಂದ ಮತ್ತೆ ಚಿಗುರುವ ಕಬ್ಬು) ಕೆಲಕಾಲ ಹಳದಿಯಾಗಬಹುದು. ರವದಿಯನ್ನು ಸುಡದೆ ಅದರ ಮೇಲೆ ಸ್ವಲ್ಪ ಯೂರಿಯಾ ಹಾಕಿ ಕೊಳೆಸುವ ರೈತರು ಈ ಕೊರತೆಯನ್ನೇ ತುಂಬುತ್ತಾರೆ. ಅವರ ಕ್ರಮ ನನಗೆ ಸರಿಯೆನಿಸುತ್ತದೆ.

ಹಾಗಾದರೆ ಗೊಬ್ಬರದಲ್ಲಿದ್ದ ಇಂಗಾಲ ಸಕ್ಕರೆಯಾಗುವುದಿಲ್ಲವೇ? ನೇರವಾಗಿ ಆಗುವುದಿಲ್ಲ. ಸಕ್ಕರೆಯ ಇಂಗಾಲವನ್ನು ಎಲೆಯು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡಿನಿಂದ ಪಡೆಯುತ್ತದೆ, ಜಲಜನಕವನ್ನು ನೀರಿನಿಂದ ಪಡೆಯುತ್ತದೆ, ಇವೆರಡೂ ನಿರವಯವ; ಇಂಗಾಲವಿದ್ದರೂ ಇಂಗಾಲದ ಡೈಆಕ್ಸೈಡನ್ನು ರಸಾಯನಶಾಸ್ತ್ರ ನಿರವಯವ ಎಂದೇ ಎಣಿಸುತ್ತದೆ. ನಮಗೂ ದನಗಳಿಗೂ ಈ ಸಾಮರ್ಥ್ಯವಿಲ್ಲದ ಕಾರಣ ಗಿಡ ಕಟ್ಟಿದ ಪಿಷ್ಟ, ಪ್ರೋಟೀನುಗಳನ್ನೇ ತಿನ್ನಬೇಕಾಗಿದೆ.

ತಾವು ಕೇಳದಿದ್ದರೂ ಒಂದು ಮಾತು ಸೇರಿಸುತ್ತೇನೆ. ಸುಣ್ಣದ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಅದು ಕರಗದ ಕಾರಣ ಕಬ್ಬಿನ ಎಳೆಯ ಎಲೆಗಳು ಬಿಳಿಚಿಕೊಳ್ಳುತ್ತವೆ. ಹುಲ್ಲಿನ ಕುಲದ ಗಿಡಗಳು ಬೇರಿನಿಂದ ಒಂದು ಬಗೆಯ ಸಾವಯವ ಆಮ್ಲವನ್ನು ಹೊರಹಾಕಿ, ಅದು ಹಿಡಿದು ತಂದ ಕಬ್ಬಿಣವನ್ನು ಒಳಕ್ಕೆ ಸೆಳೆದುಕೊಳ್ಳುತ್ತವೆ. ಅದೂ ಸಾಲದಾದಾಗ ರೈತರು ಅನ್ನಭೇದಿಯನ್ನು (ಕಬ್ಬಿಣದ ಸಲ್ಫೇಟ್) ನೀರಿನಲ್ಲಿ ಕರಗಿಸಿ ಎಲೆಗೇ ಸಿಂಪಡಿಸುತ್ತಾರೆ.