ಹ್ಯಾನ್ಕಾಕ್ ಮನೆಯ ಗೋಡೆಯ ಮೇಲಿನ ನೀಲಿ ವಿನ್ಯಾಸ ಬಣ್ಣ ಬಳಿದದ್ದೇ?

ಅಲ್ಲ, ಅದು ಇಟ್ಟಿಗೆಯದೇ ಬಣ್ಣ. ಅಮೆರಿಕದ ನ್ಯೂಜೆರ್ಸಿ ರಾಜ್ಯದ ಸೇಲಂ ಕೌಂಟಿಯಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದ ಸ್ಥಿತಿವಂತ ರೈತರು 18ನೆಯ ಶತಮಾನದಲ್ಲಿ ಕಟ್ಟಿಸಿದ ಇಂತಹ ಹಲವು ಮನೆಗಳು ಉಳಿದಿದ್ದು, 1734ರ ಹ್ಯಾನ್ಕಾಕ್ ಮನೆ ಅವುಗಳಲ್ಲಿ ಪ್ರಸಿದ್ಧವಾದದ್ದು. ಸೌದೆ ಉರಿಸುವ ಇಟ್ಟಿಗೆಗೂಡಿನಲ್ಲಿ ಬೆಂಕಿಗೆ ತೀರ ಹತ್ತಿರವಿದ್ದ ಇಟ್ಟಿಗೆಗಳ ತುದಿಗೆ ಬೂದಿಯ ಕ್ಷಾರ ತಗುಲಿ, ಅದು ಮಣ್ಣಿನ ಸಿಲಿಕಾದೊಡನೆ ಕರಗಿ, ನೀಲಿ ಮಿಶ್ರಿತ ಬೂದು ಬಣ್ಣದ ಗಾಜಿನಂತಹ ಹೊಳಪು ಮೂಡುತ್ತಿತ್ತು. ಗಾರೆ ಕೆಲಸದವರು ಅಂಥವನ್ನು ಆರಿಸಿಟ್ಟುಕೊಂಡು, ಹೊಳಪಿನ ತುದಿ ಹೊರಗೆ ಕಾಣುವಂತೆ ಕೂರಿಸುತ್ತಿದ್ದರು. ಪ್ರತಿ ವರಸೆಯಲ್ಲೂ ಇಟ್ಟಿಗೆಯ ಉದ್ದಬದಿ ಮತ್ತು ತುದಿ ಸರದಿಯಂತೆ ಬರುವ ಫ್ಲೆಮಿಷ್ ಜೋಡಣೆ ಇದಕ್ಕೆ ಹೇಳಿ ಮಾಡಿಸಿದಂತಿತ್ತು. ಈ ಮನೆಯ ಪಕ್ಕದ ಗೋಡೆಯಲ್ಲಿ ಅಂಕುಡೊಂಕಾದ ಪಟ್ಟೆಗಳು ಓಡುತ್ತವೆ. ಮೇಲ್ಭಾಗದಲ್ಲಿ ವಿಲಿಯಂ ಮತ್ತು ಸಾರಾ ಹ್ಯಾನ್ಕಾಕ್ ದಂಪತಿಯ ಹೆಸರಿನ ಮೊದಲಕ್ಷರಗಳೂ ಇಸವಿಯೂ ಇವೆ. ಸರಳ ಜೀವನವನ್ನು ಬೋಧಿಸುತ್ತಿದ್ದ ಪಂಥದವರ ಮನೆಗೆ ಇದು ಕೊಂಚ ಆಡಂಬರವೇ ಸರಿ!

ಅಮೆರಿಕದ ಸ್ವಾತಂತ್ರ್ಯ ಸಮರದ ವೇಳೆ, 1778ರ ಮಾರ್ಚ್ 21ರ ಮುಂಜಾನೆ, ಬ್ರಿಟಿಷರ ಪರವಾದ ಸೈನಿಕರು ಈ ಮನೆಯೊಳಗೆ ಮಲಗಿದ್ದ ಸ್ಥಳೀಯ ಕಾವಲುಪಡೆಯವರನ್ನು ಬಂದೂಕಿನ ಈಟಿಯಿಂದ ಇರಿದರು. ಬ್ರಿಟಿಷರ ಪರವಾಗಿಯೇ ಇದ್ದ ಮನೆಯ ಯಜಮಾನ, ಕಟ್ಟಿಸಿದವರ ಮಗನಾದ ನ್ಯಾಯಾಧೀಶ ವಿಲಿಯಂ ಕೂಡ ಆ ದಾಳಿಯಲ್ಲಿ ಪ್ರಾಣ ಕಳೆದುಕೊಂಡನು. ರಾಜ್ಯ ಸರ್ಕಾರ 1931ರಲ್ಲಿ ಮನೆಯನ್ನು ಕೊಂಡುಕೊಂಡಿತು.