ಮಗನಿಗೆ ಸಿಂಫನಿ ಕಂಡಕ್ಟರ್ ಆಗಬೇಕಂತೆ, ಏನು ಹೇಳಲಿ?

ಪ್ರಶ್ನೆ: ಮಗ ದ್ವಿತೀಯ ಪಿಯುಸಿ, ಸೈನ್ಸ್. ಚಿಕ್ಕಂದಿನಿಂದ ಪಾಶ್ಚಾತ್ಯ ವಯೊಲಿನ್ ಕಲಿಯುತ್ತಿದ್ದಾನೆ, ಲಂಡನ್ನಿನ ಟ್ರಿನಿಟಿ ಕಾಲೇಜಿನ ಸಂಗೀತ ಪರೀಕ್ಷೆಯಲ್ಲಿ 7ನೇ ಗ್ರೇಡ್ ಮುಗಿದಿದೆ. ಈಗ ಸಿಇಟಿ ಬೇಡ, ಜೆಇಇ ಬೇಡ, ಆರ್ಕೆಸ್ಟ್ರಾ ಕಂಡಕ್ಟರ್ (ವಾದ್ಯವೃಂದದ ಮುಂದೆ ನಿಂತು ಕೋಲು ಆಡಿಸಿ ನುಡಿಸುವವರನ್ನು ನಡೆಸುವವನು) ಆಗುತ್ತೇನೆ ಅಂತ ಹಟ ಹಿಡಿದಿದ್ದಾನೆ. ಅವರಪ್ಪ ಅವನ ಜೊತೆ ಮಾತು ಬಿಟ್ಟಿದ್ದಾರೆ. ಇದು ಹೊಟ್ಟೆ ತುಂಬಿಸುವ ಕೆಲಸವೇ? ಎಲ್ಲಿ ಓದಬೇಕು, ಎಷ್ಟು ಖರ್ಚಾಗುತ್ತದೆ?
– ಒಬ್ಬ ತಾಯಿ, ಬನಶಂಕರಿ

ಉತ್ತರ: ಕಹಿಯಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ತಿಂಗಳ ಸಂಬಳ ತೆಗೆದುಕೊಂಡು ಸಿಂಫನಿ ಆರ್ಕೆಸ್ಟ್ರಾ ನಡೆಸುವ ಕೆಲಸ ಬೆಂಗಳೂರಿನಲ್ಲಿ ಇಲ್ಲ. ಇಡೀ ದೇಶದಲ್ಲಿ ವೃತ್ತಿಪರ ಅನ್ನಬಹುದಾದದ್ದು ಮುಂಬೈನ ಕಲಾಕೇಂದ್ರ ಎನ್‌ಸಿಪಿಎಯಲ್ಲಿ 2006ರಲ್ಲಿ ಶುರುವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಒಂದೇ. ಅಲ್ಲೂ ಕಛೇರಿಗಳ ಸಮಯದಲ್ಲಿ ಹೊರದೇಶದ ವಾದಕರು ಬಂದು ಸೇರಿಕೊಳ್ಳುತ್ತಾರೆ. ಹಾಗಾಗಿ ನಿಮ್ಮ ಯಜಮಾನರ ಭಯ ಸುಮ್ನೆ ಹುಟ್ಟಿದ್ದಲ್ಲ.

ಆದರೆ ಮನೆಯಲ್ಲಿ ಜಗಳ ನಡೆಯುತ್ತಿರುವುದು ಈಗ ಬೇಡದ ವಿಷಯಕ್ಕೆ. ಹದಿನೇಳಕ್ಕೆ ಯಾರೂ ಕಂಡಕ್ಟರ್ ಆಗುವುದಿಲ್ಲ. ಈ ಲೈನಿನಲ್ಲಿ ನಲವತ್ತು ದಾಟದವರನ್ನು ಇನ್ನೂ 'ಯುವ ಕಂಡಕ್ಟರ್' ಅಂತಲೇ ಕರೆಯುತ್ತಾರೆ. ಮೊದಲು ಗಟ್ಟಿ ವಾದಕ, ಆಮೇಲೆ ಕಂಡಕ್ಟರ್. ಆದ್ದರಿಂದ ಈಗ ತೀರ್ಮಾನ ಆಗಬೇಕಾದದ್ದು ಇಷ್ಟೇ: ಮುಂದಿನ ನಾಲ್ಕೈದು ವರ್ಷ ಅವನು ಸಂಗೀತವನ್ನೇ ಓದುತ್ತಾನಾ, ಇಲ್ಲವಾ?

ಬಾಂಬೆಯಲ್ಲಿ ಹುಟ್ಟಿ ಜಗತ್ತಿಗೇ ಹೆಸರಾದ ಕಂಡಕ್ಟರ್ ಜುಬಿನ್ ಮೆಹ್ತಾ ಅವರ ಉದಾಹರಣೆ ಎಲ್ಲರೂ ಕೊಡುತ್ತಾರೆ. ಪೂರ್ತಿ ಕಥೆ ಹೇಳುವವರು ಕಡಿಮೆ. ಅವರ ತಂದೆ ಮೆಹ್ಲಿ ಮೆಹ್ತಾ ಬಾಂಬೆಯಲ್ಲಿ ಸಿಂಫನಿ ಆರ್ಕೆಸ್ಟ್ರಾ ಕಟ್ಟಿದವರು. ಅಂಥ ಮನೆಯಲ್ಲೂ ಮಗನನ್ನು ಮೊದಲು ಕಳಿಸಿದ್ದು ಮೆಡಿಕಲ್ ದಾರಿಗೇ. ಅದನ್ನು ಬಿಟ್ಟು 1954ರಲ್ಲಿ, 18ನೇ ವಯಸ್ಸಿಗೆ, ಅವರು ವಿಯೆನ್ನಾಕ್ಕೆ ಹೋದರು. ಹಾನ್ಸ್ ಸ್ವರೋವ್‌ಸ್ಕಿ ಹತ್ತಿರ ಕಂಡಕ್ಟಿಂಗ್ ಕಲಿಯುತ್ತಲೇ ಡಬಲ್ ಬೇಸ್ ನುಡಿಸಿದರು. ದೊಡ್ಡ ಕಂಡಕ್ಟರುಗಳು ರಿಹರ್ಸಲ್ ಹೇಗೆ ಮಾಡಿಸುತ್ತಾರೆ ಅಂತ ಹತ್ತಿರದಿಂದ ನೋಡಬೇಕು ಅಂತಲೇ ಸಹಪಾಠಿ ಕ್ಲಾಡಿಯೊ ಅಬ್ಬಾಡೊ ಜೊತೆ ಅಲ್ಲಿನ ಕೋರಸ್ ಸೇರಿಕೊಂಡು ಹಾಡಿದರು. 1958ರಲ್ಲಿ ಲಿವರ್‌ಪೂಲ್ ಸ್ಪರ್ಧೆ ಗೆದ್ದಾಗ ಸಿಕ್ಕಿದ್ದು ಒಂದು ವರ್ಷದ ಸಹಾಯಕ ಹುದ್ದೆ. ಮಾಂಟ್ರಿಯಲ್, ಲಾಸ್ ಏಂಜಲೀಸ್ ಎಲ್ಲ ಆಮೇಲೆ.

ನಿಮ್ಮ ಮಗನಿಗೆ ಬಹುಶಃ ಯಾರೂ ಹೇಳಿರದ ಮಾತು ಒಂದಿದೆ: ವಯೊಲಿನ್ ಒಂದೇ ಸಾಲದು, ಪಿಯಾನೊ ಬೇಕೇ ಬೇಕು. ಜರ್ಮನಿ, ಆಸ್ಟ್ರಿಯಾದ ಪ್ರವೇಶ ಪರೀಕ್ಷೆಯಲ್ಲಿ ಪಿಯಾನೊ ನುಡಿಸಬೇಕು. ಸ್ವರ ಕೇಳಿ ಗುರುತಿಸುವ ಕಿವಿಯ ಪರೀಕ್ಷೆ ಇರುತ್ತದೆ. ಇಡೀ ಆರ್ಕೆಸ್ಟ್ರಾದ ಸ್ಕೋರ್ (ಎಲ್ಲ ವಾದ್ಯಗಳ ಸ್ವರಲಿಪಿ ಒಟ್ಟಿಗೆ ಇರುವ ಪುಸ್ತಕ) ಮುಂದಿಟ್ಟು ಇದನ್ನು ಪಿಯಾನೊ ಮೇಲೆ ನುಡಿಸು ಅನ್ನುತ್ತಾರೆ. ಆ ಒಂದು ಪುಟದಲ್ಲಿ ಹತ್ತು ಹನ್ನೆರಡು ಸಾಲುಗಳು ಒಟ್ಟಿಗೆ ಓಡುತ್ತಿರುತ್ತವೆ. ವಿಯೋಲಾದ (ವಯೊಲಿನ್‌ಗಿಂತ ತುಸು ದೊಡ್ಡ ವಾದ್ಯ) ಸಾಲು ಬೇರೆ ಕ್ಲೆಫ್‌ನಲ್ಲಿ, ಅಂದರೆ ಯಾವ ಗೆರೆ ಯಾವ ಸ್ವರ ಅನ್ನುವ ಗುರುತೇ ಬೇರೆ. ಕೆಲವು ವಾದ್ಯಗಳಿಗೆ ಬರೆದ ಸ್ವರ ಬೇರೆ, ಕೇಳಿಸುವ ಸ್ವರ ಬೇರೆ: ಬಿ ಫ್ಲಾಟ್ ಕ್ಲಾರಿನೆಟ್‌ಗೆ ಸಿ ಅಂತ ಬರೆದಿದ್ದರೆ ಕೇಳಿಸುವುದು ಬಿ ಫ್ಲಾಟ್. ಎಫ್ ಹಾರ್ನ್‌ನವರು ಅದೇ ಸಿ ನುಡಿಸಿದರೆ ಕೆಳಗಿನ ಎಫ್. ಇದನ್ನೆಲ್ಲ ಕಣ್ಣು ಓದುತ್ತಿದ್ದ ಹಾಗೇ ಬೆರಳು ಸರಿಮಾಡಿಕೊಳ್ಳಬೇಕು. ಕ್ಲಾಸಿನಲ್ಲೂ ದಿನಾ ಆರ್ಕೆಸ್ಟ್ರಾ ಸಿಗುವುದಿಲ್ಲ. ಎರಡು ಪಿಯಾನೊ ಇಟ್ಟು ಇಬ್ಬರು ನುಡಿಸುತ್ತಾರೆ, ವಿದ್ಯಾರ್ಥಿ ಅವರ ಮುಂದೆ ಕೋಲು ಆಡಿಸುತ್ತಾನೆ.

ಖರ್ಚಿನ ವಿಷಯ. ಜರ್ಮನಿಯ ಬಹುಪಾಲು ಸರ್ಕಾರಿ ಸಂಗೀತ ವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1500 ಯೂರೋ. ಆದರೆ ವೀಸಾಕ್ಕೆ ಒಂದು ವರ್ಷದ ಜೀವನ ವೆಚ್ಚ ಅಂತ ಸುಮಾರು 12 ಸಾವಿರ ಯೂರೋ ಬ್ಲಾಕ್ ಖಾತೆಯಲ್ಲಿ (ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಖಾತೆ) ತೋರಿಸಬೇಕು. ಭಾರತದವರಿಗೆ ಎಪಿಎಸ್ ಪ್ರಮಾಣಪತ್ರವೂ (ಇಲ್ಲಿನ ಅಂಕಪಟ್ಟಿಗಳನ್ನು ಪರಿಶೀಲಿಸಿ ಕೊಡುವ ದೃಢೀಕರಣ) ಬೇಕು. ಭಾಷೆ ಬರದೆ ರಿಹರ್ಸಲ್ ಮಾಡಿಸಲಾಗುವುದಿಲ್ಲ, ಆದ್ದರಿಂದ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಈ ವರ್ಷವೇ ಶುರು ಮಾಡಲಿ. ಲಂಡನ್ನಿನ ಕನ್ಸರ್ವೇಟರಿಗಳಲ್ಲಿ (ಸಂಗೀತ ಕಾಲೇಜುಗಳಲ್ಲಿ) ವಿದೇಶಿಯರಿಗೆ ಶುಲ್ಕವೇ ವರ್ಷಕ್ಕೆ 25 ಸಾವಿರ ಪೌಂಡ್ ದಾಟುತ್ತದೆ. ಮನೆ ಅಡವಿಟ್ಟು ಅಲ್ಲಿಗೆ ಕಳಿಸಿ ಅಂತ ನಾನಂತೂ ಹೇಳುವುದಿಲ್ಲ.

ಜರ್ಮನಿಯನ್ನೇ ಒತ್ತಿ ಹೇಳಲು ಇನ್ನೊಂದು ಕಾರಣವಿದೆ. ಅಲ್ಲಿ ಸರ್ಕಾರದ ದುಡ್ಡಿನಲ್ಲಿ ನಡೆಯುವ ಆರ್ಕೆಸ್ಟ್ರಾಗಳೇ ನೂರಕ್ಕೂ ಜಾಸ್ತಿ. ಸಣ್ಣ ಊರಿನ ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ಮನೆಯಲ್ಲಿ ಗಾಯಕರಿಗೆ ಪಿಯಾನೊ ನುಡಿಸಿ ಪಾಠ ಮಾಡಿಸುವವನಾಗಿ ಸೇರಿ, ಮೆಲ್ಲಗೆ ಕಪೆಲ್‌ಮೈಸ್ಟರ್ (ಅಲ್ಲಿನ ಕಂಡಕ್ಟರ್) ಹುದ್ದೆಗೆ ಏರುವುದು ಹಳೆಯ ರೂಢಿ. ನೋಡಿ, ಅಲ್ಲೂ ಪಿಯಾನೊ ಬಂತು! ಇನ್ನೊಂದು ದಾರಿ ಸ್ಪರ್ಧೆಗಳು: ಫ್ರಾನ್ಸಿನ ಬೆಜಾನ್ಸೊಂ, ಡೆನ್ಮಾರ್ಕಿನ ಮಾಲ್ಕೊ, ಜರ್ಮನಿಯ ಬಾಂಬರ್ಗ್‌ನ ಮಾಲರ್ ಸ್ಪರ್ಧೆ. ಬಾಂಬರ್ಗ್‌ನಲ್ಲಿ 2004ರಲ್ಲಿ ಗೆದ್ದ ಗುಸ್ತಾವೊ ದುದಾಮೆಲ್ ವೆನಿಜುವೆಲಾದ ಹುಡುಗ. ಯೂರೋಪಿನಲ್ಲಿ ಹುಟ್ಟಿರಲೇಬೇಕು ಅಂತೇನಿಲ್ಲ.

ಅವನ ಹಟ ಎಷ್ಟು ಗಟ್ಟಿ ಅಂತ ತಿಳಿಯಬೇಕೇ? ಪರೀಕ್ಷೆ ಮುಗಿದ ಮೇಲೆ ಒಂದು ಕೆಲಸ ಹಚ್ಚಿ. ಎಂಟು ಹತ್ತು ಜನ ವಯೊಲಿನ್, ವಿಯೋಲಾ, ಚೆಲ್ಲೊ ನುಡಿಸುವವರನ್ನು ಸೇರಿಸಿ ಒಂದು ಸಣ್ಣ ಕೃತಿ ನುಡಿಸಿ ತೋರಿಸಲಿ. ಊರಲ್ಲಿ ವಯೊಲಿನ್‌ನವರು ಸಿಗುತ್ತಾರೆ, ವಿಯೋಲಾದವರನ್ನು ಹುಡುಕುವಷ್ಟರಲ್ಲಿ ಸಾಕಾಗುತ್ತದೆ. ಒಬ್ಬರಿಗೆ ಟ್ಯೂಷನ್, ಇನ್ನೊಬ್ಬರು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ. ಝೆರಾಕ್ಸ್, ಕುರ್ಚಿ, ಸ್ಟ್ಯಾಂಡು, ಮುನಿಸಿಕೊಂಡ ಚೆಲ್ಲೊ ಹುಡುಗಿ, ಎಲ್ಲ ಅವನೇ ನೋಡಿಕೊಳ್ಳಲಿ. ಈ ಊರಿನಲ್ಲಿ ಕಂಡಕ್ಟರ್ ಅಂದರೆ ಕೋಲು ಆಡಿಸುವವನಲ್ಲ, ಜನ ಸೇರಿಸುವವನು. ಹೆಸರು ಮಾಡಿದವರಿಗೂ ಆ ಗುಣ ಬೇಕು. ಇದರಲ್ಲಿ ಅವನಿಗೆ ಖುಷಿ ಸಿಕ್ಕಿದರೆ ಯಜಮಾನರನ್ನು ಒಪ್ಪಿಸುವ ಜವಾಬ್ದಾರಿ ನೀವು ತೆಗೆದುಕೊಳ್ಳಬಹುದು.

ಪ್ರಶ್ನೆ: ಕಳೆದ ವರ್ಷ ಚೌಡಯ್ಯ ಹಾಲ್‌ನಲ್ಲಿ ಒಂದು ಪಾಶ್ಚಾತ್ಯ ಕಛೇರಿ ನೋಡಿದೆ. ವಾದಕರೆಲ್ಲ ಎದುರಿಗಿದ್ದ ಹಾಳೆ ನೋಡಿ ನುಡಿಸುತ್ತಿದ್ದರು. ಕಂಡಕ್ಟರ್ ಏನು ಮಾಡಿದರೋ ತಿಳಿಯಲಿಲ್ಲ. ನಮ್ಮ ಕಛೇರಿಗಳಲ್ಲಿ ಅಂಥವರು ಇಲ್ಲವಲ್ಲ?
– ನಿವೃತ್ತ ಬ್ಯಾಂಕ್ ಉದ್ಯೋಗಿ, ಮಲ್ಲೇಶ್ವರಂ

ಉತ್ತರ: ನಿಮ್ಮ ಅನುಮಾನ ಎಷ್ಟೋ ವಾದಕರಿಗೂ ಇದೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ನ್ಯೂಯಾರ್ಕಿನ ಆರ್ಫಿಯಸ್ ಚೇಂಬರ್ ಆರ್ಕೆಸ್ಟ್ರಾ 1972ರಿಂದ ಕಂಡಕ್ಟರ್ ಇಲ್ಲದೆಯೇ ನುಡಿಸುತ್ತಿದೆ. ಆದರೆ ಅದು ಸಣ್ಣ ತಂಡ. ನಮ್ಮ ಕಛೇರಿಯಲ್ಲಿ ನಾಲ್ಕೈದು ಜನ ಕೈಗೆಟಕುವಷ್ಟು ಹತ್ತಿರ ಕೂತು, ಒಬ್ಬರ ಮುಖ ಒಬ್ಬರು ನೋಡಿಕೊಂಡು ತಾಳ ಹಿಡಿಯುತ್ತಾರೆ. ಸಿಂಫನಿಗೆ 70–80 ಜನ. ಮೊದಲ ಸಾಲಿನ ವಯೊಲಿನ್‌ಗೂ ಹಿಂದಿನ ಟ್ರಂಪೆಟ್‌ಗೂ ನಡುವೆ ಸುಮಾರು 17 ಮೀಟರ್ ಇದ್ದರೆ, ಶಬ್ದ ಅಷ್ಟು ದೂರ ಹೋಗಲು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಹಿಡಿಯುತ್ತದೆ. ಟ್ರಂಪೆಟ್‌ನವರು ಕಿವಿ ನಂಬಿ ನುಡಿಸಿದರೆ ತಡವಾಗುತ್ತದೆ. ಕಣ್ಣು ನಂಬಬೇಕು, ಅದಕ್ಕೇ ಕೋಲು.

ಬೀಥೊವನ್‌ನ ಐದನೇ ಸಿಂಫನಿಯ ಶುರು ನಿಮಗೂ ಗೊತ್ತಿರುತ್ತದೆ: ಮೂರು ಚಿಕ್ಕ ಸ್ವರ, ಒಂದು ಉದ್ದ ಸ್ವರ. ಅದು ನಿಜಕ್ಕೂ ಶುರುವಾಗುವುದು ಒಂದು ಸಣ್ಣ ಮೌನದಿಂದ. ಆ ಮೌನಕ್ಕೂ ಮೊದಲು ಕಂಡಕ್ಟರ್ ಕೈ ಎತ್ತಿ, ಉಸಿರು ಎಳೆದು ಇಳಿಸುವ ಒಂದೇ ಚಲನೆಯಲ್ಲಿ ವೇಗ ಎಷ್ಟು, ಜೋರು ಎಷ್ಟು ಅಂತ ಎಲ್ಲರಿಗೂ ತಿಳಿಯಬೇಕು. ಆಮೇಲೆ ಉದ್ದ ಸ್ವರವನ್ನು ಎಷ್ಟು ಹೊತ್ತು ಹಿಡಿಯಬೇಕು ಅನ್ನುವುದು ಹಾಳೆಯಲ್ಲಿ ಬರೆದಿರುವುದಿಲ್ಲ. ಕೈ ಬಿಡಿಸುವ ತನಕ ಹಿಡಿಯಬೇಕು. ಮುಂದಿನ ಸಲ ಬಾಲ್ಕನಿಯಲ್ಲಿ ಬದಿಯ ಸೀಟು ಹಿಡಿದು ಅವರ ಎಡಗೈ ನೋಡಿ. ಬಲಗೈ ತಾಳ, ಎಡಗೈ ಉಳಿದದ್ದೆಲ್ಲ. ಇನ್ನೂ ಒಳ್ಳೆಯದೆಂದರೆ ರಿಹರ್ಸಲ್ ನೋಡಲು ಬಿಡುತ್ತಾರಾ ಕೇಳಿ. ಅಸಲು ಕೆಲಸ ಅಲ್ಲಿ ನಡೆದಿರುತ್ತದೆ.

ಹೇಳಿ ಕೇಳಿ ನಮ್ಮ ನಾಡಿಗೆ ಇದು ಹೊಸದೇನಲ್ಲ. ಜಯಚಾಮರಾಜ ಒಡೆಯರ್ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು. 1950ರ ಮೇ 22ರಂದು ಆಲ್ಬರ್ಟ್ ಹಾಲ್‌ನಲ್ಲಿ ಜರ್ಮನ್ ಸಂಯೋಜಕ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳನ್ನು ಲೋಕ ಮೊದಲ ಸಲ ಕೇಳಿತು. ಕಂಡಕ್ಟರ್ ಫುರ್ಟ್‌ವೆಂಗ್ಲರ್, ಖರ್ಚಿಗೆ ನಿಂತವರು ನಮ್ಮ ಮಹಾರಾಜರು.

ಪ್ರಶ್ನೆ: ನನಗೆ 27. ವೈಟ್‌ಫೀಲ್ಡ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಗಣೇಶನ ಹಬ್ಬ, ರಾಜ್ಯೋತ್ಸವದ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಕಿವಿಯಲ್ಲಿ ಹಿಡಿದು ನುಡಿಸುವವನು, ನೊಟೇಷನ್ ಓದಲು ಅಷ್ಟಾಗಿ ಬರುವುದಿಲ್ಲ. ಕಂಡಕ್ಟಿಂಗ್ ಕಲಿಯಲು ತಡವಾಯಿತೇ?
– ಒಬ್ಬ ಓದುಗ

ಉತ್ತರ: ಯೂರೋಪಿನ ಒಪೆರಾ ಮನೆಗೆ ತಡವಾಯಿತು. ಕಲಿಯಲು ತಡವಾಗಿಲ್ಲ. ಕಿವಿ ಚೆನ್ನಾಗಿದ್ದರೆ ಅರ್ಧ ಗೆದ್ದ ಹಾಗೆ, ಎಷ್ಟೋ 8ನೇ ಗ್ರೇಡ್ ಮಕ್ಕಳಿಗೆ ಅದೇ ಇರುವುದಿಲ್ಲ. ಮೊದಲು ಎಬಿಆರ್‌ಎಸ್‌ಎಂ (ಇದೂ ಬ್ರಿಟನ್ನಿನ ಸಂಗೀತ ಪರೀಕ್ಷಾ ಮಂಡಳಿ) ಅಥವಾ ಟ್ರಿನಿಟಿಯ 5ನೇ ಗ್ರೇಡ್ ಥಿಯರಿ ಮುಗಿಸಿ. ಜೊತೆಗೇ ಒಂದು ಸ್ಟ್ರಿಂಗ್ ಕ್ವಾರ್ಟೆಟ್‌ನ (ಎರಡು ವಯೊಲಿನ್, ಒಂದು ವಿಯೋಲಾ, ಒಂದು ಚೆಲ್ಲೊ) ಸ್ಕೋರ್ ಇಟ್ಟುಕೊಂಡು ಚೆಲ್ಲೊ ಸಾಲನ್ನು ಕೀಬೋರ್ಡಿನಲ್ಲಿ ನುಡಿಸುತ್ತಾ ವಿಯೋಲಾ ಸಾಲನ್ನು ಹಾಡಿ. ಮೊದಲ ವಾರ ಅಳು ಬರುತ್ತದೆ, ಬಿಡಬೇಡಿ. ಆಮೇಲೆ ಒಂದು ಕಾಯಿರ್ (ಒಟ್ಟಾಗಿ ಹಾಡುವ ತಂಡ) ಸೇರಿ. ಊರಲ್ಲಿ ಚರ್ಚ್‌ಗಳದ್ದು, ಕಂಪನಿಗಳದ್ದು, ಹವ್ಯಾಸಿಗಳದ್ದು ಬೇಕಾದಷ್ಟಿವೆ. ಕಂಡಕ್ಟರ್‌ಗೆ ರಜೆ ಬಂದ ದಿನ ನೀವು ಮುಂದೆ ನಿಲ್ಲಬಹುದು.

ಒಂದು ಎಚ್ಚರಿಕೆ. ಒಂದು ವಾರದ ಮಾಸ್ಟರ್‌ಕ್ಲಾಸ್, ನಿಜವಾದ ಆರ್ಕೆಸ್ಟ್ರಾ ಮುಂದೆ ನಿಲ್ಲುವ ಅವಕಾಶ ಅಂತ ಯೂರೋಪಿನ ಜಾಹೀರಾತು ಕಾಣುತ್ತಿರುತ್ತವೆ. ಕೆಲವು ಒಳ್ಳೆಯವು. ಕೆಲವು ಕಡೆ ದುಡ್ಡು ಕಟ್ಟಿದವರಿಗೆಲ್ಲ ಸೀಟು. ಎಷ್ಟು ನಿಮಿಷ ಆರ್ಕೆಸ್ಟ್ರಾ ಸಿಗುತ್ತದೆ, ವಿಡಿಯೊ ಕೊಡುತ್ತಾರಾ, ಮುಂಚೆಯೇ ಬರವಣಿಗೆಯಲ್ಲಿ ಕೇಳಿ. ಕೆಲಸ ಮಾತ್ರ ಬಿಡಬೇಡಿ.

ಪ್ರಶ್ನೆ: ಮಗಳಿಗೆ 15. ಕಂಡಕ್ಟರ್‌ಗಳಲ್ಲಿ ಹೆಂಗಸರು ಇದ್ದಾರೆಯೇ?
– ಫ್ರೇಜರ್ ಟೌನ್

ಉತ್ತರ: ಇದ್ದಾರೆ, ಹೆಚ್ಚುತ್ತಲೂ ಇದ್ದಾರೆ. ಅಮೆರಿಕದ ದೊಡ್ಡ ಆರ್ಕೆಸ್ಟ್ರಾವೊಂದಕ್ಕೆ, ಬಾಲ್ಟಿಮೋರ್ ಸಿಂಫನಿಗೆ, 2007ರಲ್ಲಿ ಮರಿನ್ ಆಲ್ಸಪ್ ಸಂಗೀತ ನಿರ್ದೇಶಕಿಯಾದರು. ಲಂಡನ್ನಿನ ಪ್ರಾಮ್ಸ್ ಉತ್ಸವದ ಕೊನೆಯ ರಾತ್ರಿಯನ್ನು ಹೆಣ್ಣೊಬ್ಬರು ನಡೆಸಿದ್ದು 2013ರಲ್ಲಿ ಮೊದಲು, ಅದೂ ಅವರೇ. ನಮ್ಮ ಪಂಢರಪುರದಲ್ಲಿ ಹುಟ್ಟಿ ಡೆನ್ಮಾರ್ಕಿನಲ್ಲಿ ಬೆಳೆದ ಮರಿಯಾ ಬಾಡ್‌ಸ್ಟೂ ಇವತ್ತು ಹೆಸರಾಂತ ಕಂಡಕ್ಟರ್. ಮಗಳು ಯಾವ ವಾದ್ಯ ನುಡಿಸುತ್ತಾಳೆ ಅಂತ ನೀವು ಬರೆದಿಲ್ಲ. ಯಾವುದೇ ಇರಲಿ, ಪಿಯಾನೊ ಕ್ಲಾಸಿಗೂ ಸೇರಿಸಿ.